ಗರ್ಭಿಣಿಯರ ತಪಾಸಣೆ: ಯಾವ ವಾರಕ್ಕೆ ಯಾವ ಟೆಸ್ಟ್, ಯಾಕೆ?

"ನನಗೀಗ ನಾಲ್ಕನೇ ತಿಂಗಳು. ಯಾವ ಯಾವ ಟೆಸ್ಟ್ ಮಾಡಿಸಬೇಕು?" ಓದುಗರಿಂದ ನನಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದೇ. ಇದಕ್ಕೆ ನಾನು ಮೊದಲು ತಿರುಗಿ ಕೇಳುವುದು ಒಂದೇ: ನಿಮಗೆ ಎಷ್ಟು ವಾರ? ತುಂಬಾ ಜನರಿಗೆ ತಿಂಗಳು ಗೊತ್ತಿರುತ್ತದೆ, ವಾರ ಗೊತ್ತಿರುವುದಿಲ್ಲ. ನಾಲ್ಕನೇ ತಿಂಗಳು ಅಂದರೆ 13 ವಾರವೂ ಆಗಿರಬಹುದು, 17 ವಾರವೂ ಆಗಿರಬಹುದು. 13ನೇ ವಾರದಲ್ಲಿ ಆಗುವ ಒಂದು ಮುಖ್ಯವಾದ ಸ್ಕ್ಯಾನ್ 17ನೇ ವಾರದಲ್ಲಿ ಆಗುವುದಿಲ್ಲ. ಆ ಸಮಯ ಹೋದರೆ ಹೋಯಿತು.

ಹಾಗಾಗಿ ಈ ಬರಹವನ್ನು ವಾರದ ಲೆಕ್ಕದಲ್ಲೇ ಹಾಕಿದ್ದೇನೆ. ನಿಮ್ಮದು ಎಷ್ಟನೇ ವಾರವೋ ಅಲ್ಲಿಂದಲೇ ಓದಬಹುದು, ಆದರೆ ಮೊದಲ ಹಂತವನ್ನು ಮಾತ್ರ ಎಲ್ಲರೂ ಓದಿ. ಇಲ್ಲಿರುವುದು ಸಾಮಾನ್ಯ ಬಸಿರಿಗೆ ಹೊಂದುವ ಕ್ರಮ. ಅವಳಿ ಮಕ್ಕಳಿದ್ದರೆ, ಮೊದಲೇ ಬಿಪಿ, ಶುಗರ್, ಹೃದಯ ಅಥವಾ ಕಿಡ್ನಿ ತೊಂದರೆ ಇದ್ದರೆ, ನಿಮ್ಮ ವೈದ್ಯರು ಇನ್ನೂ ಹೆಚ್ಚು ಸಲ ಬರಹೇಳುತ್ತಾರೆ. ಅವರು ಹೇಳಿದ್ದೇ ನಿಮಗೆ ಸರಿ. ಕೆಲವು ಟೆಸ್ಟ್‌ಗಳು ಒಂದು ದೇಶದಲ್ಲಿ ಎಲ್ಲರಿಗೂ ಮಾಡುತ್ತಾರೆ, ಇನ್ನೊಂದರಲ್ಲಿ ಬೇಕಾದವರಿಗೆ ಮಾತ್ರ. ಅಂಥ ಕಡೆ ಹೇಳಿದ್ದೇನೆ.

ಶುರು ಮಾಡುವ ಮೊದಲು ಇವಿಷ್ಟು ಕೈಯಲ್ಲಿರಲಿ

ಒಂದು ಫೈಲ್. ಎಲ್ಲ ರಿಪೋರ್ಟ್‌ಗಳೂ ತಾರೀಖಿನ ಪ್ರಕಾರ ಅದರಲ್ಲೇ ಇರಲಿ. ಜೊತೆಗೆ ಒಂದು ಹಾಳೆಯಲ್ಲಿ ಇವನ್ನು ಬರೆದಿಡಿ: ಕೊನೆಯ ಮುಟ್ಟಿನ ಮೊದಲ ದಿನ, ಮುಟ್ಟು ಎಷ್ಟು ದಿನಕ್ಕೊಮ್ಮೆ ಬರುತ್ತಿತ್ತು, ಈಗ ನುಂಗುತ್ತಿರುವ ಎಲ್ಲ ಮಾತ್ರೆಗಳ ಹೆಸರು, ಹಿಂದಿನ ಬಸಿರು, ಗರ್ಭಪಾತ, ಆಪರೇಷನ್‌ಗಳ ವಿವರ, ಯಾವ ಔಷಧಿಗೆ ಅಲರ್ಜಿ. ಅಮ್ಮ, ಅಕ್ಕ-ತಂಗಿಯರಿಗೆ ಶುಗರ್ ಇತ್ತಾ, ಬಸಿರಲ್ಲಿ ಬಿಪಿ ಏರಿತ್ತಾ ಅಂತಲೂ ಕೇಳಿ ತಿಳಿದುಕೊಳ್ಳಿ. ಗಂಡನ ಮನೆಯ ಕಡೆ ಹುಟ್ಟಿನಿಂದ ಬಂದ ರಕ್ತದ ಕಾಯಿಲೆ ಇದೆಯಾ ಅನ್ನುವುದೂ ಬೇಕು.

ಹಿಂದೆ ಆದ ಗರ್ಭಪಾತವನ್ನು ಮುಚ್ಚಿಡುವವರು ಇದ್ದಾರೆ. ಜೊತೆಯಲ್ಲಿ ಬಂದವರ ಎದುರು ಹೇಳಲು ಕಷ್ಟವಾದರೆ, ವೈದ್ಯರ ಹತ್ತಿರ ಒಬ್ಬರೇ ಮಾತಾಡಬೇಕು ಅಂತ ಕೇಳಿ. ಹಾಗೆ ಕೇಳುವ ಹಕ್ಕು ನಿಮಗಿದೆ. ಆ ಒಂದು ಮಾಹಿತಿಯಿಂದ ನಿಮ್ಮ ಚಿಕಿತ್ಸೆಯ ದಾರಿಯೇ ಬದಲಾಗಬಹುದು.

1. ವಾರದ ಲೆಕ್ಕ ಸರಿ ಮಾಡಿಕೊಳ್ಳಿ

ಬಸಿರಿನ ಲೆಕ್ಕ ಶುರುವಾಗುವುದು ಕೊನೆಯ ಮುಟ್ಟಿನ ಮೊದಲ ದಿನದಿಂದ. ಅಲ್ಲಿಂದ 280 ದಿನ, ಅಂದರೆ 40 ವಾರಕ್ಕೆ ಡ್ಯೂ ಡೇಟ್. ಮನೆಯಲ್ಲೇ ಲೆಕ್ಕ ಹಾಕಬಹುದು. ಆ ದಿನಕ್ಕೆ 7 ದಿನ ಸೇರಿಸಿ, ತಿಂಗಳನ್ನು ಮೂರು ಹಿಂದಕ್ಕೆ ತನ್ನಿ. ಮುಟ್ಟಾದದ್ದು ಜನವರಿ 10 ಆದರೆ ಡ್ಯೂ ಡೇಟ್ ಅಕ್ಟೋಬರ್ 17.

ಈ ಲೆಕ್ಕ ಮುಟ್ಟು 28 ದಿನಕ್ಕೊಮ್ಮೆ ಸರಿಯಾಗಿ ಬರುವವರಿಗೆ. 40 ದಿನಕ್ಕೊಮ್ಮೆ ಬರುವವರಿಗೆ ಸುಮಾರು 12 ದಿನ ಹೆಚ್ಚುಕಮ್ಮಿ ಆಗಿಬಿಡುತ್ತದೆ. ಅದಕ್ಕೇ ಮೊದಲ ಮೂರು ತಿಂಗಳಲ್ಲಿ ಒಂದು ಸ್ಕ್ಯಾನ್ ಬೇಕು. ಆಗ ಮಗುವನ್ನು ನೆತ್ತಿಯಿಂದ ಕುಂಡಿಯವರೆಗೆ ಅಳೆಯುತ್ತಾರೆ. ರಿಪೋರ್ಟಿನಲ್ಲಿ ಸಿಆರ್‌ಎಲ್ ಅಂತ ಕಾಣುವುದು ಇದೇ. ಆ ಹೊತ್ತಿನಲ್ಲಿ ಎಲ್ಲ ಮಕ್ಕಳೂ ಹೆಚ್ಚುಕಮ್ಮಿ ಒಂದೇ ವೇಗದಲ್ಲಿ ಬೆಳೆಯುತ್ತವೆ. ಹಾಗಾಗಿ ಈ ಅಳತೆಯಿಂದ ಬರುವ ವಾರ ಕೆಲವೇ ದಿನಗಳ ವ್ಯತ್ಯಾಸದಲ್ಲಿ ಸರಿ ಇರುತ್ತದೆ. ಆಮೇಲೆ ಒಂದೊಂದು ಮಗು ಒಂದೊಂದು ಥರ ಬೆಳೆಯುತ್ತದೆ. ಎಂಟನೇ ತಿಂಗಳಲ್ಲಿ ಮೊದಲ ಸ್ಕ್ಯಾನ್ ಮಾಡಿಸಿದರೆ ಅದು ಹೇಳುವ ವಾರ ಎರಡು ಮೂರು ವಾರ ತಪ್ಪಿರಬಹುದು.

ಎಚ್ಚರ: ನಂತರದ ಸ್ಕ್ಯಾನ್‌ಗಳಲ್ಲಿ ಬೇರೆ ಬೇರೆ ಡ್ಯೂ ಡೇಟ್ ಕಾಣುತ್ತದೆ. ಅದನ್ನು ನೋಡಿ ಲೆಕ್ಕ ಬದಲಾಯಿಸಬೇಡಿ. ಮೊದಲ ಸ್ಕ್ಯಾನ್ ನೋಡಿ ವೈದ್ಯರು ಗೊತ್ತು ಮಾಡಿದ ತಾರೀಖೇ ಕೊನೆವರೆಗೂ ನಡೆಯಬೇಕು. ಅದು ಜಾರಿದರೆ, ಮಗು ನಿಜವಾಗಿಯೂ ಸಣ್ಣದಾಗಿ ಬೆಳೆಯುತ್ತಿದ್ದರೂ "ವಾರ ಕಡಿಮೆ ಇರಬೇಕು" ಅಂತ ಸುಮ್ಮನಾಗುವ ಅಪಾಯ ಇದೆ.

ಇನ್ನೊಂದು ಮಾತು. ಡ್ಯೂ ಡೇಟಿನ ದಿನವೇ ಹುಟ್ಟುವ ಮಕ್ಕಳು ನೂರಕ್ಕೆ ಐದರಷ್ಟು ಮಾತ್ರ. 37 ವಾರ ತುಂಬಿದ ಮೇಲೆ ಯಾವಾಗ ಹೆರಿಗೆಯಾದರೂ ಅದು ಅವಧಿಗೆ ಮುಂಚೆ ಆದ ಹೆರಿಗೆ ಅಲ್ಲ.

2. ಮೊದಲ ಭೇಟಿ: 12 ವಾರದ ಒಳಗೆ

ಮುಟ್ಟು ತಪ್ಪಿ ಟೆಸ್ಟ್ ಪಾಸಿಟಿವ್ ಬಂದ ಕೂಡಲೇ ಹೋಗಬಹುದು. "ಮೂರು ತಿಂಗಳು ತುಂಬಲಿ, ಆಮೇಲೆ ನೋಡೋಣ" ಅಂತ ಕಾಯಬೇಡಿ. ವಿಶ್ವ ಆರೋಗ್ಯ ಸಂಸ್ಥೆ 2016ರಿಂದ ಬಸಿರಲ್ಲಿ ಕನಿಷ್ಠ 8 ಭೇಟಿ ಬೇಕು ಎನ್ನುತ್ತಿದೆ. ಮೊದಲನೆಯದು 12 ವಾರದ ಒಳಗೆ, ಆಮೇಲೆ 20, 26, 30, 34, 36, 38, 40ನೇ ವಾರಗಳಲ್ಲಿ.

ಫೋಲಿಕ್ ಆಸಿಡ್ ಮಾತ್ರೆ ಇನ್ನೂ ಶುರು ಮಾಡಿಲ್ಲವಾದರೆ ಇವತ್ತೇ ಮಾಡಿ. ಮಗುವಿನ ಮೆದುಳು, ಬೆನ್ನುಹುರಿ ರೂಪುಗೊಳ್ಳುವ ಕೊಳವೆ ಗರ್ಭ ಕಟ್ಟಿದ ಸುಮಾರು 28 ದಿನಕ್ಕೇ ಮುಚ್ಚಿಕೊಳ್ಳಬೇಕು. ವಾರದ ಲೆಕ್ಕದಲ್ಲಿ ಅದು ಆರನೇ ವಾರ. ಎಷ್ಟೋ ಹೆಂಗಸರಿಗೆ ಬಸಿರಾದದ್ದು ಗೊತ್ತಾಗುವುದೇ ಆ ಹೊತ್ತಿಗೆ. ಹಾಗಾಗಿ ಮಗು ಬೇಕು ಅಂದುಕೊಂಡಾಗಿನಿಂದಲೇ ದಿನಕ್ಕೆ 400 ಮೈಕ್ರೋಗ್ರಾಂ ತೆಗೆದುಕೊಳ್ಳುವುದು ಒಳ್ಳೆಯದು. ಹಿಂದಿನ ಮಗುವಿಗೆ ಬೆನ್ನುಹುರಿಯ ತೊಂದರೆ ಇದ್ದರೆ, ನಿಮಗೆ ಶುಗರ್ ಇದ್ದರೆ, ಫಿಟ್ಸ್ ಮಾತ್ರೆ ನುಂಗುತ್ತಿದ್ದರೆ ಡೋಸ್ ಜಾಸ್ತಿ ಬೇಕಾಗಬಹುದು. ಮೊದಲ ಭೇಟಿಯಲ್ಲೇ ಇದನ್ನು ಹೇಳಿ.

ಆ ದಿನ ಎತ್ತರ, ತೂಕ, ಬಿಪಿ ನೋಡಿ, ರಕ್ತ ಮತ್ತು ಮೂತ್ರ ತೆಗೆದುಕೊಳ್ಳುತ್ತಾರೆ. ಯಾವುದು ಯಾಕೆ ಅಂತ ಗೊತ್ತಿದ್ದರೆ ರಿಪೋರ್ಟ್ ಓದುವುದು ಸುಲಭ.

ಹಿಮೋಗ್ಲೋಬಿನ್: ಬಸಿರಿನ ಮೊದಲ ಮತ್ತು ಕೊನೆಯ ಮೂರು ತಿಂಗಳಲ್ಲಿ 11ಕ್ಕಿಂತ, ನಡುವಿನ ಮೂರು ತಿಂಗಳಲ್ಲಿ 10.5ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ. ನಡುವೆ ಸ್ವಲ್ಪ ಇಳಿಯುವುದು ಸಹಜ. ಆಗ ರಕ್ತದ ನೀರಿನಂಶ ಹೆಚ್ಚಾಗಿ ರಕ್ತ ತೆಳುವಾಗುತ್ತದೆ.

ರಕ್ತದ ಗುಂಪು ಮತ್ತು ಆರ್‌ಎಚ್: ನಿಮ್ಮದು ನೆಗೆಟಿವ್ ಆಗಿ ಮಗುವಿನದು ಪಾಸಿಟಿವ್ ಆಗಿದ್ದರೆ, ಮಗುವಿನ ರಕ್ತ ನಿಮ್ಮ ರಕ್ತಕ್ಕೆ ಸೇರಿದಾಗ ನಿಮ್ಮ ದೇಹ ಅದರ ವಿರುದ್ಧ ಪ್ರತಿಕಾಯ ತಯಾರಿಸಬಹುದು. ಈ ಮಗುವಿಗಿಂತ ಮುಂದಿನ ಮಗುವಿಗೆ ಇದು ಹೆಚ್ಚು ಅಪಾಯ. ತಡೆಯಲು ಆ್ಯಂಟಿ-ಡಿ ಇಂಜೆಕ್ಷನ್ ಇದೆ, ಮುಂದೆ ಹೇಳುತ್ತೇನೆ.

ಎಚ್‌ಐವಿ, ಹೆಪಟೈಟಿಸ್ ಬಿ, ಸಿಫಿಲಿಸ್: ಇವನ್ನು ಎಲ್ಲ ಗರ್ಭಿಣಿಯರಿಗೂ ಮಾಡುತ್ತಾರೆ. "ನನ್ನ ಮೇಲೆ ಅನುಮಾನವಾ?" ಅಂತ ನೊಂದುಕೊಳ್ಳಬೇಡಿ. ಮೂರೂ ತಾಯಿಯಿಂದ ಮಗುವಿಗೆ ಹೋಗಬಲ್ಲವು, ಮೊದಲೇ ಗೊತ್ತಾದರೆ ಮೂರನ್ನೂ ಬಹುಮಟ್ಟಿಗೆ ತಡೆಯಬಹುದು. ಸಿಫಿಲಿಸ್‌ಗಂತೂ ಪೆನಿಸಿಲಿನ್ ಇಂಜೆಕ್ಷನ್ನೇ ಸಾಕು.

ಮೂತ್ರ: ಪ್ರೋಟೀನ್, ಸಕ್ಕರೆ ನೋಡುವುದರ ಜೊತೆಗೆ ಕಲ್ಚರ್ ಟೆಸ್ಟ್ ಕೂಡ ಮಾಡಬೇಕು. ಉರಿ, ನೋವು ಯಾವುದೂ ಇಲ್ಲದೆಯೂ ಮೂತ್ರದಲ್ಲಿ ಸೋಂಕು ಇರಬಹುದು, ಬಿಟ್ಟರೆ ಕಿಡ್ನಿಗೆ ಏರಬಹುದು. ಮೊದಲು ಸ್ವಲ್ಪ ಮೂತ್ರ ಹೊರಗೆ ಬಿಟ್ಟು, ನಡುವಿನದನ್ನು ಡಬ್ಬಿಗೆ ಹಿಡಿಯಿರಿ.

ಇದಲ್ಲದೆ ಥೈರಾಯ್ಡ್, ರುಬೆಲ್ಲಾ ವಿರುದ್ಧ ರೋಗನಿರೋಧಕ ಶಕ್ತಿ, ಥಲಸ್ಸೀಮಿಯಾ ಮತ್ತು ಸಿಕಲ್ ಸೆಲ್ ಟೆಸ್ಟ್‌ಗಳನ್ನು ಅಗತ್ಯ ನೋಡಿ ಸೇರಿಸುತ್ತಾರೆ. ಕೊನೆಯ ಎರಡು ಹುಟ್ಟಿನಿಂದ ಬರುವ ರಕ್ತದ ಕಾಯಿಲೆಗಳು. ತಾಯಿ ವಾಹಕಿ, ಅಂದರೆ ತನಗೆ ಕಾಯಿಲೆ ಇಲ್ಲದಿದ್ದರೂ ಮಗುವಿಗೆ ದಾಟಿಸಬಲ್ಲವಳು ಅಂತ ಗೊತ್ತಾದರೆ ತಂದೆಯ ರಕ್ತವನ್ನೂ ಬೇಗ ಪರೀಕ್ಷಿಸಬೇಕು. ಇಬ್ಬರೂ ವಾಹಕರಾಗಿದ್ದರೆ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು.

ಎಚ್ಚರ: ದಿನಾ ನುಂಗುತ್ತಿದ್ದ ಮಾತ್ರೆಯನ್ನು ಹೆದರಿ ನೀವೇ ನಿಲ್ಲಿಸಬೇಡಿ. ಫಿಟ್ಸ್, ಥೈರಾಯ್ಡ್, ಆಸ್ತಮಾ ಔಷಧಿ ತಟ್ಟನೆ ನಿಲ್ಲಿಸಿದರೆ ತಾಯಿಗೂ ಮಗುವಿಗೂ ಅಪಾಯ. ಕೆಲವನ್ನು ಬದಲಾಯಿಸಬೇಕಾಗುತ್ತದೆ. ವಾಲ್ಪ್ರೋಯೇಟ್ ಅಂಥ ಒಂದು ಫಿಟ್ಸ್ ಮಾತ್ರೆ. ಅದನ್ನೂ ವೈದ್ಯರೇ ಬದಲಾಯಿಸಬೇಕು. ಹಾಗೇ ಮೈಕೈ ನೋವಿಗೆ ಅಂತ ಐಬುಪ್ರೊಫೆನ್ ಥರದ ಮಾತ್ರೆ ನುಂಗಬೇಡಿ. 20 ವಾರದ ನಂತರ ಅದು ಮಗುವಿನ ಕಿಡ್ನಿಗೆ ತೊಂದರೆ ಕೊಟ್ಟು ಗರ್ಭದ ನೀರು ಕಡಿಮೆ ಮಾಡಬಹುದು.

3. 11ರಿಂದ 14 ವಾರ: ಹೆಚ್ಚು ಗೊಂದಲ ಆಗುವ ಹಂತ

ಈ ಹಂತದ ಬಗ್ಗೆ ಜಾಸ್ತಿ ಬರೆಯುತ್ತೇನೆ, ಯಾಕೆಂದರೆ ಅಳುತ್ತಾ ಬರುವ ಪ್ರಶ್ನೆಗಳು ಇಲ್ಲಿಂದಲೇ ಜಾಸ್ತಿ.

ಎನ್‌ಟಿ ಸ್ಕ್ಯಾನ್ ಅಂದರೆ ಮಗುವಿನ ಕುತ್ತಿಗೆಯ ಹಿಂದೆ ಚರ್ಮದ ಅಡಿಯಲ್ಲಿರುವ ನೀರಿನ ಪದರ ಎಷ್ಟು ದಪ್ಪ ಇದೆ ಅಂತ ನೋಡುವುದು. ಎಲ್ಲ ಮಕ್ಕಳಲ್ಲೂ ಈ ಪದರ ಇರುತ್ತದೆ. ಜಾಸ್ತಿ ದಪ್ಪ ಇದ್ದರೆ, ಮಗುವಿನ ಬುದ್ಧಿ, ಬೆಳವಣಿಗೆ ನಿಧಾನವಾಗುವ ಡೌನ್ ಸಿಂಡ್ರೋಮ್‌ನಂಥ ಕ್ರೋಮೋಸೋಮ್ ತೊಂದರೆಯ ಅಥವಾ ಹೃದಯದ ತೊಂದರೆಯ ಸಾಧ್ಯತೆ ಹೆಚ್ಚು. 11 ವಾರದಿಂದ 13 ವಾರ 6 ದಿನದವರೆಗೆ ಮಾತ್ರ ಈ ಅಳತೆಗೆ ಬೆಲೆ. ಜೊತೆಗೆ ತಾಯಿಯ ರಕ್ತದಲ್ಲಿ ಎರಡು ವಸ್ತುಗಳನ್ನು ನೋಡುತ್ತಾರೆ. ಅದೇ ಡಬಲ್ ಮಾರ್ಕರ್. ಸ್ಕ್ಯಾನ್, ರಕ್ತ, ತಾಯಿಯ ವಯಸ್ಸು ಮೂರನ್ನೂ ಸೇರಿಸಿ ಒಂದು ಅಂಕಿ ಕೊಡುತ್ತಾರೆ.

ಆ ಅಂಕಿಯನ್ನು ಓದುವುದು ಹೇಗೆ? "1:150, ಹೈ ರಿಸ್ಕ್" ಅಂತ ಬಂದಿದೆ ಅಂದುಕೊಳ್ಳಿ. ಇದೇ ಫಲಿತಾಂಶ ಬಂದ 150 ತಾಯಂದಿರನ್ನು ಒಂದು ಕೋಣೆಯಲ್ಲಿ ಕೂರಿಸಿದರೆ, ಅವರಲ್ಲಿ ಒಬ್ಬರ ಮಗುವಿಗೆ ಆ ತೊಂದರೆ ಇರುತ್ತದೆ, 149 ಮಂದಿಯ ಮಕ್ಕಳಿಗೆ ಇರುವುದಿಲ್ಲ. ಹೈ ರಿಸ್ಕ್ ಎಂಬ ಪದದ ಅರ್ಥ ಇಷ್ಟೇ: ಮುಂದಿನ ಪರೀಕ್ಷೆ ಮಾಡಿಸುವಷ್ಟು ಕಾರಣ ಇದೆ. ಹಾಗೇ "ಲೋ ರಿಸ್ಕ್" ಅಂತ ಬಂದರೂ ಸಾಧ್ಯತೆ ಪೂರ್ತಿ ಸೊನ್ನೆ ಆಗುವುದಿಲ್ಲ. ಈ ಜೋಡಿ ಪರೀಕ್ಷೆ ಡೌನ್ ಸಿಂಡ್ರೋಮ್ ಇರುವ ಹತ್ತು ಮಕ್ಕಳಲ್ಲಿ ಸುಮಾರು ಒಂಬತ್ತನ್ನು ಹಿಡಿಯುತ್ತದೆ. ಏನೂ ತೊಂದರೆ ಇಲ್ಲದ ನೂರು ಮಂದಿಯಲ್ಲಿ ಸುಮಾರು ಐವರನ್ನು ಸುಮ್ನೆ ಹೆದರಿಸುತ್ತದೆ.

ವಯಸ್ಸಿಗೆ ತಕ್ಕ ಹಾಗೆ ಈ ಸಾಧ್ಯತೆ ಏರುತ್ತದೆ. 35ರಲ್ಲಿ ಸುಮಾರು 350ಕ್ಕೆ ಒಂದು, 40ರಲ್ಲಿ ಸುಮಾರು 100ಕ್ಕೆ ಒಂದು. ಹಾಗಂತ 25ರ ಹುಡುಗಿಗೆ ಈ ಟೆಸ್ಟ್ ಬೇಡ ಅಂತ ಅಲ್ಲ, ಕಡಿಮೆ ವಯಸ್ಸಿನವರಿಗೂ ಇದು ಆಗುತ್ತದೆ.

ಎನ್‌ಐಪಿಟಿ ಎನ್ನುವುದು ಇನ್ನೊಂದು ರಕ್ತಪರೀಕ್ಷೆ, 10ನೇ ವಾರದಿಂದ ಮಾಡಬಹುದು. ತಾಯಿಯ ರಕ್ತದಲ್ಲಿ ತೇಲುವ ಡಿಎನ್‌ಎ ತುಣುಕುಗಳನ್ನು ಇದು ಓದುತ್ತದೆ. ಡೌನ್ ಸಿಂಡ್ರೋಮ್ ವಿಷಯದಲ್ಲಿ ಇದು ನೂರಕ್ಕೆ 99ರ ಹತ್ತಿರ ಹಿಡಿಯುತ್ತದೆ. ಆದರೂ ಇದು ಕೊನೆಯ ತೀರ್ಪು ಅಲ್ಲ. ಕಾರಣ ಸರಳ: ಆ ತುಣುಕುಗಳು ಬರುವುದು ಮಾಸಿನಿಂದ, ಅಂದರೆ ಪ್ಲಾಸೆಂಟಾದಿಂದ. ಅಪರೂಪಕ್ಕೆ ಮಾಸಿನ ಕ್ರೋಮೋಸೋಮ್‌ಗಳೇ ಬೇರೆ, ಮಗುವಿನವೇ ಬೇರೆ ಆಗಿರುತ್ತವೆ. ಕೆಲವೊಮ್ಮೆ ತುಣುಕುಗಳು ಸಾಲದೆ ಫಲಿತಾಂಶವೇ ಬರುವುದಿಲ್ಲ, ಮತ್ತೆ ರಕ್ತ ಕೊಡಬೇಕಾಗುತ್ತದೆ.

ಖಚಿತವಾಗಿ ಹೇಳುವುದು ಎರಡೇ. 11ರಿಂದ 14 ವಾರದ ನಡುವೆ ಮಾಸಿನ ಚೂರು ತೆಗೆಯುವ ಸಿವಿಎಸ್, 15 ವಾರದ ನಂತರ ಗರ್ಭದ ನೀರು ತೆಗೆಯುವ ಆಮ್ನಿಯೋ. ಎರಡರಲ್ಲೂ ಸೂಜಿ ಹಾಕುತ್ತಾರೆ. ಅದರಿಂದ ಗರ್ಭಪಾತ ಆಗುವ ಸಾಧ್ಯತೆ ನೂರಕ್ಕೆ ಒಂದಕ್ಕಿಂತಲೂ ಕಡಿಮೆ, ಆದರೆ ಸೊನ್ನೆ ಅಲ್ಲ. ಅದಕ್ಕೇ ಎಲ್ಲರಿಗೂ ಮಾಡುವುದಿಲ್ಲ.

ಎಚ್ಚರ: ಬರೀ ಸಾಧ್ಯತೆ ಹೇಳುವ ಸ್ಕ್ರೀನಿಂಗ್ ರಿಪೋರ್ಟ್ ಒಂದನ್ನೇ ನೋಡಿ ಬಸಿರು ಮುಂದುವರಿಸುವ, ಬಿಡುವ ತೀರ್ಮಾನಕ್ಕೆ ಯಾವತ್ತೂ ಹೋಗಬೇಡಿ. ಖಚಿತ ಪರೀಕ್ಷೆ ಆಗಲಿ, ತಿಳಿದವರೊಂದಿಗೆ ಕೂತು ಮಾತಾಡಿ. ಈ ಟೆಸ್ಟ್‌ಗಳೇ ಬೇಡ ಅನ್ನುವ ಸ್ವಾತಂತ್ರ್ಯವೂ ನಿಮಗಿದೆ. ರಕ್ತ ಕೊಡುವ ಮೊದಲೇ ಗಂಡ-ಹೆಂಡತಿ ಕೂತು "ಫಲಿತಾಂಶ ಹೀಗೆ ಬಂದರೆ ನಾವೇನು ಮಾಡುತ್ತೇವೆ?" ಅಂತ ಮಾತಾಡಿಕೊಂಡರೆ ಆಮೇಲಿನ ಒದ್ದಾಟ ಎಷ್ಟೋ ಕಡಿಮೆ.

14 ವಾರ ದಾಟಿಬಿಟ್ಟಿದ್ದೀರಾ? 15ರಿಂದ 20 ವಾರದೊಳಗೆ ಕ್ವಾಡ್ರುಪಲ್ ಎಂಬ ರಕ್ತಪರೀಕ್ಷೆ ಇದೆ. ಮೊದಲಿನದರಷ್ಟು ಚೆನ್ನಾಗಿ ಹಿಡಿಯುವುದಿಲ್ಲ. ಎನ್‌ಐಪಿಟಿ ಆಗಲೂ ಮಾಡಬಹುದು.

ಈ ಹಂತದಲ್ಲೇ ಇನ್ನೊಂದು ಕೆಲಸ ಆಗಬೇಕು, ಬಹಳ ಜನ ಇದನ್ನು ಕೇಳುವುದೇ ಇಲ್ಲ. ಹಿಂದಿನ ಬಸಿರಲ್ಲಿ ಬಿಪಿ ಏರಿದ್ದವರು, ಮೊದಲಿಂದಲೇ ಬಿಪಿ, ಶುಗರ್ ಅಥವಾ ಕಿಡ್ನಿ ಕಾಯಿಲೆ ಇರುವವರು, ಅವಳಿ ಹೊತ್ತವರು "ನನಗೆ ಕಡಿಮೆ ಡೋಸಿನ ಆಸ್ಪಿರಿನ್ ಬೇಕಾ?" ಅಂತ ಕೇಳಿ. ಮುಂದೆ ಬಿಪಿ ಏರುವುದನ್ನು ತಡೆಯಲು ಇದು ಸಹಾಯ ಮಾಡುತ್ತದೆ. 12 ವಾರದಿಂದ, 16 ವಾರದ ಒಳಗೆ ಶುರು ಮಾಡಿದರೆ ಉಪಯೋಗ ಜಾಸ್ತಿ. ವೈದ್ಯರು ಹೇಳದೆ ಮಾತ್ರ ತೆಗೆದುಕೊಳ್ಳಬೇಡಿ.

4. 18ರಿಂದ 22 ವಾರ: ಅಂಗಾಂಗಗಳ ಸ್ಕ್ಯಾನ್

ಇದನ್ನು ಅನಾಮಲಿ ಸ್ಕ್ಯಾನ್ ಅನ್ನುತ್ತಾರೆ. ತಲೆ, ಮುಖ, ಬೆನ್ನುಮೂಳೆ, ಹೃದಯದ ನಾಲ್ಕು ಕೋಣೆಗಳು, ಹೊಟ್ಟೆ, ಕಿಡ್ನಿ, ಕೈಕಾಲು, ಮಾಸು ಇರುವ ಜಾಗ, ನೀರಿನ ಪ್ರಮಾಣ ಎಲ್ಲವನ್ನೂ ಒಂದೊಂದಾಗಿ ನೋಡುತ್ತಾರೆ. ಸಮಯ ಹಿಡಿಯುತ್ತದೆ. ಮಗು ತಿರುಗಿ ಮಲಗಿದ್ದರೆ ಸ್ವಲ್ಪ ನಡೆದಾಡಿ ಬನ್ನಿ ಎನ್ನುತ್ತಾರೆ, ಇನ್ನೊಂದು ದಿನ ಬರಹೇಳುವುದೂ ಉಂಟು. ಮತ್ತೆ ಬರಹೇಳಿದರು ಅಂದ ಮಾತ್ರಕ್ಕೆ ಏನೋ ಕಂಡಿದೆ ಅಂತ ಅರ್ಥ ಅಲ್ಲ.

ಒಳ್ಳೆಯ ಸ್ಕ್ಯಾನ್ ಕೂಡ ಎಲ್ಲವನ್ನೂ ಹಿಡಿಯುವುದಿಲ್ಲ. ಬೆನ್ನುಹುರಿಯ ದೊಡ್ಡ ತೊಂದರೆಗಳು ಚೆನ್ನಾಗಿ ಕಾಣುತ್ತವೆ. ಹೃದಯದ ಕೆಲವು ತೊಂದರೆಗಳು ತಪ್ಪಿಸಿಕೊಳ್ಳುತ್ತವೆ. ಕಿವಿ ಕೇಳುತ್ತದಾ ಅನ್ನುವಂಥದ್ದು ಸ್ಕ್ಯಾನಿನಲ್ಲಿ ಗೊತ್ತಾಗುವುದೇ ಇಲ್ಲ.

"ಮಾಸು ಕೆಳಗಿದೆ" ಎಂಬ ಸಾಲು ನೋಡಿ ಗಾಬರಿಯಾಗುವವರು ತುಂಬಾ. ಗರ್ಭಕೋಶ ಬೆಳೆದ ಹಾಗೆ ಅದರ ಕೆಳಭಾಗ ಹಿಗ್ಗುತ್ತದೆ, ಮಾಸು ಹೆಚ್ಚಿನವರಲ್ಲಿ ಬಾಯಿಂದ ದೂರ ಸರಿಯುತ್ತದೆ. 32ನೇ ವಾರದ ಹೊತ್ತಿಗೆ ಮತ್ತೊಂದು ಸ್ಕ್ಯಾನ್ ಮಾಡಿ ನೋಡಬೇಕು. ಅಷ್ಟರಲ್ಲಿ ನೋವಿಲ್ಲದೆ ರಕ್ತ ಹೋದರೂ ತಕ್ಷಣ ಆಸ್ಪತ್ರೆಗೆ ಹೋಗಿ.

5. 24ರಿಂದ 28 ವಾರ: ಶುಗರ್, ರಕ್ತ, ಇಂಜೆಕ್ಷನ್

ಬಸಿರಲ್ಲಿ ಬರುವ ಶುಗರ್‌ಗೆ ಮಾಸಿನ ಹಾರ್ಮೋನುಗಳು ಕಾರಣ. ಅವು ಇನ್ಸುಲಿನ್ ಕೆಲಸಕ್ಕೆ ಅಡ್ಡ ಬರುತ್ತವೆ. ನೀವು ಸಿಹಿ ತಿಂದಿದ್ದರಿಂದ ಬಂತು ಅಂತ ಯಾರಾದರೂ ಬೈದರೆ ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಹೆಚ್ಚಿನವರಿಗೆ ಯಾವ ಲಕ್ಷಣವೂ ಇರುವುದಿಲ್ಲ, ಟೆಸ್ಟಿನಿಂದ ಮಾತ್ರ ಗೊತ್ತಾಗುತ್ತದೆ. ಹಿಂದೆ ಬಸಿರಲ್ಲಿ ಶುಗರ್ ಬಂದವರಿಗೆ, ತೂಕ ಜಾಸ್ತಿ ಇರುವವರಿಗೆ ಮೊದಲ ಭೇಟಿಯಲ್ಲೇ ಒಮ್ಮೆ ನೋಡುತ್ತಾರೆ.

ಒಜಿಟಿಟಿ ಎಂಬ ಟೆಸ್ಟ್ ಹೀಗೆ ನಡೆಯುತ್ತದೆ. ರಾತ್ರಿಯಿಂದ ಕನಿಷ್ಠ 8 ಗಂಟೆ ಏನೂ ತಿನ್ನದೆ ಹೋಗಬೇಕು, ನೀರು ಕುಡಿಯಬಹುದು. ಮೊದಲು ರಕ್ತ ತೆಗೆದು, 75 ಗ್ರಾಂ ಗ್ಲೂಕೋಸ್ ಕಲಸಿದ ನೀರು ಕೊಡುತ್ತಾರೆ. ಒಂದು ಗಂಟೆಗೆ ಮತ್ತೊಮ್ಮೆ, ಎರಡು ಗಂಟೆಗೆ ಇನ್ನೊಮ್ಮೆ ರಕ್ತ ತೆಗೆಯುತ್ತಾರೆ. ಹೆಚ್ಚು ಕಡೆ ಬಳಸುವ ಮಿತಿ: ಖಾಲಿ ಹೊಟ್ಟೆಯಲ್ಲಿ 92, ಒಂದು ಗಂಟೆಗೆ 180, ಎರಡು ಗಂಟೆಗೆ 153. ಮೂರರಲ್ಲಿ ಒಂದು ಈ ಅಂಕಿ ಮುಟ್ಟಿದರೂ ಬಸಿರಿನ ಶುಗರ್ ಅಂತ ಲೆಕ್ಕ. ಕೆಲವು ಕಡೆ ಬೇರೆ ವಿಧಾನ, ಬೇರೆ ಮಿತಿ ಇರುತ್ತದೆ.

ಎಚ್ಚರ: "ಟೆಸ್ಟ್ ಚೆನ್ನಾಗಿ ಬರಲಿ" ಅಂತ ಮೂರು ದಿನ ಮೊದಲಿಂದ ಅನ್ನ, ಸಿಹಿ ಬಿಟ್ಟು ಹೋಗಬೇಡಿ. ಎಂದಿನಂತೆ ತಿನ್ನಿ. ಕಾಯುವ ಎರಡು ಗಂಟೆ ಓಡಾಡದೆ ಕೂತಿರಿ. ಕುಡಿದದ್ದು ವಾಂತಿಯಾದರೆ ಮುಚ್ಚಿಡದೆ ಹೇಳಿ, ಆ ಟೆಸ್ಟ್ ಲೆಕ್ಕಕ್ಕಿಲ್ಲ. ಶುಗರ್ ಬಂದರೂ ಹೆಚ್ಚಿನವರಿಗೆ ಊಟದ ಬದಲಾವಣೆ ಮತ್ತು ನಡಿಗೆಯಲ್ಲೇ ಹತೋಟಿಗೆ ಬರುತ್ತದೆ. ಕೆಲವರಿಗೆ ಮಾತ್ರೆ ಅಥವಾ ಇನ್ಸುಲಿನ್ ಬೇಕಾಗುತ್ತದೆ.

ಹಿಮೋಗ್ಲೋಬಿನ್ ಕೂಡ ಈಗ ಮತ್ತೆ ನೋಡಬೇಕು. ಕಬ್ಬಿಣದ ಮಾತ್ರೆ ನುಂಗಿಯೂ ಏರಲಿಲ್ಲ ಅನ್ನುವವರಿಗೆ ನಾನು ಕೇಳುವುದು: ಯಾವುದರ ಜೊತೆ ನುಂಗುತ್ತೀರಿ? ಟೀ, ಕಾಫಿ, ಹಾಲು, ಕ್ಯಾಲ್ಸಿಯಂ ಮಾತ್ರೆ ಇವೆಲ್ಲ ಕಬ್ಬಿಣಾಂಶ ಹೀರುವುದನ್ನು ತಡೆಯುತ್ತವೆ. ಎರಡು ಗಂಟೆ ಅಂತರ ಇಡಿ. ನಿಂಬೆ, ಕಿತ್ತಳೆಯಂಥ ಹುಳಿ ಹಣ್ಣಿನ ರಸದ ಜೊತೆ ಚೆನ್ನಾಗಿ ಹತ್ತುತ್ತದೆ. ಮಲ ಕಪ್ಪಾಗುವುದು ಸಹಜ. ಮಲಬದ್ಧತೆ ಆದರೆ ಮಾತ್ರೆ ನಿಲ್ಲಿಸುವ ಬದಲು ವೈದ್ಯರಿಗೆ ಹೇಳಿ, ಬೇರೆ ಬಗೆಯದು ಕೊಡುತ್ತಾರೆ.

ಆರ್‌ಎಚ್ ನೆಗೆಟಿವ್ ಇರುವವರಿಗೆ ಪ್ರತಿಕಾಯ ಇಲ್ಲ ಅಂತ ಖಚಿತ ಮಾಡಿಕೊಂಡು 28ನೇ ವಾರದ ಹೊತ್ತಿಗೆ ಆ್ಯಂಟಿ-ಡಿ ಕೊಡುತ್ತಾರೆ. ಹುಟ್ಟಿದ ಮಗು ಪಾಸಿಟಿವ್ ಆದರೆ 72 ಗಂಟೆಯೊಳಗೆ ಮತ್ತೊಂದು. ನಡುವೆ ರಕ್ತ ಹೋದರೆ, ಹೊಟ್ಟೆಗೆ ಪೆಟ್ಟು ಬಿದ್ದರೆ, ಆಮ್ನಿಯೋ ಮಾಡಿಸಿದರೆ ಆಗಲೂ ಬೇಕಾಗಬಹುದು. ನಿಮ್ಮದು ನೆಗೆಟಿವ್ ಅಂತ ಫೈಲಿನ ಮೇಲೆ ದೊಡ್ಡದಾಗಿ ಬರೆದಿಡಿ.

ಲಸಿಕೆಗಳ ವಿಷಯ: ಟೆಟನಸ್ ಎಲ್ಲರಿಗೂ ಗೊತ್ತು. ಜೊತೆಗೆ ನಾಯಿಕೆಮ್ಮಿನಿಂದ ಮಗುವನ್ನು ಕಾಯುವ ಟಿಡ್ಯಾಪ್ ಲಸಿಕೆಯನ್ನು ಅನೇಕ ದೇಶಗಳಲ್ಲಿ ಪ್ರತಿ ಬಸಿರಿನಲ್ಲೂ ಕೊಡುತ್ತಾರೆ. 27ರಿಂದ 36 ವಾರದ ನಡುವೆ ಕೊಟ್ಟರೆ ತಾಯಿಯ ರಕ್ಷಣೆ ಮಗುವಿಗೆ ಚೆನ್ನಾಗಿ ದಾಟುತ್ತದೆ. ಫ್ಲೂ ಇಂಜೆಕ್ಷನ್ ಯಾವ ತಿಂಗಳಲ್ಲಾದರೂ ಹಾಕಿಸಬಹುದು. ರುಬೆಲ್ಲಾ, ಚಿಕನ್ ಪಾಕ್ಸ್ ಥರದ ಜೀವಂತ ಲಸಿಕೆಗಳು ಬಸಿರಲ್ಲಿ ಬೇಡ, ಹೆರಿಗೆ ಆದ ಮೇಲೆ ಹಾಕಿಸಿಕೊಳ್ಳಿ.

6. 28ರಿಂದ 36 ವಾರ: ಬಿಪಿ ಮತ್ತು ಮಗುವಿನ ಒದೆತ

ಈ ವಾರಗಳಲ್ಲಿ ದೊಡ್ಡ ಯಂತ್ರದ ಟೆಸ್ಟ್‌ಗಳು ಕಡಿಮೆ. ಹಾಗಾಗಿ "ಬರೀ ಬಿಪಿ ನೋಡಿ ಕಳಿಸ್ತಾರೆ, ಈ ಸಲ ಹೋಗದಿದ್ದರೂ ನಡೆಯುತ್ತೆ" ಅನ್ನಿಸುತ್ತದೆ ಅಲ್ವಾ? ದಯವಿಟ್ಟು ತಪ್ಪಿಸಬೇಡಿ. ತಾಯಿಯ ಜೀವ ಉಳಿಸುವ ವಿಷಯದಲ್ಲಿ ಆ ಎರಡು ನಿಮಿಷದ ಬಿಪಿಗೆ ಇರುವ ಬೆಲೆ ದೊಡ್ಡದು.

20 ವಾರದ ನಂತರ ಬಿಪಿ 140/90 ಅಥವಾ ಅದಕ್ಕಿಂತ ಏರಿ, ಮೂತ್ರದಲ್ಲಿ ಪ್ರೋಟೀನ್ ಬಂದರೆ ಅಥವಾ ಲಿವರ್, ಕಿಡ್ನಿ, ರಕ್ತದ ಪ್ಲೇಟ್‌ಲೆಟ್ ಕೆಟ್ಟರೆ ಅದು ಪ್ರೀಎಕ್ಲಾಂಪ್ಸಿಯಾ. ಮುಂದುವರಿದರೆ ಫಿಟ್ಸ್ ಬರಬಹುದು. ಮೊದಮೊದಲು ನಿಮಗೆ ಏನೂ ಗೊತ್ತಾಗುವುದಿಲ್ಲ. ಅದಕ್ಕೇ ಪ್ರತಿ ಭೇಟಿಯಲ್ಲೂ ಅಳೆಯುವುದು. 160/110 ತಲುಪಿದರೆ ತುರ್ತು, ಆ ಕ್ಷಣವೇ ಚಿಕಿತ್ಸೆ ಬೇಕು.

ಅಳೆಯುವ ಮೊದಲು ಐದು ನಿಮಿಷ ಕೂರಿ. ಮೂತ್ರ ಮಾಡಿ ಬನ್ನಿ. ಬೆನ್ನಿಗೆ ಆಸರೆ ಇರಲಿ, ಕಾಲು ಮಡಚಬೇಡಿ, ತೋಳು ಎದೆಯ ಮಟ್ಟದಲ್ಲಿರಲಿ. ತೋಳು ದಪ್ಪ ಇದ್ದರೆ ದೊಡ್ಡ ಪಟ್ಟಿ ಕೇಳಿ, ಸಣ್ಣ ಪಟ್ಟಿ ಕಟ್ಟಿದರೆ ಬಿಪಿ ಹೆಚ್ಚು ತೋರಿಸುತ್ತದೆ.

ಹೊಟ್ಟೆಯನ್ನು ಟೇಪಿನಿಂದ ಅಳೆಯುವುದೂ ಒಂದು ತಪಾಸಣೆಯೇ. 24 ವಾರದಿಂದ ಗರ್ಭಕೋಶದ ಎತ್ತರ ಸೆಂಟಿಮೀಟರಿನಲ್ಲಿ ಹೆಚ್ಚುಕಮ್ಮಿ ವಾರದಷ್ಟೇ ಇರುತ್ತದೆ. 30 ವಾರಕ್ಕೆ ಸುಮಾರು 30. ಬೆಳವಣಿಗೆ ನಿಂತ ಹಾಗೆ ಕಂಡರೆ ಸ್ಕ್ಯಾನ್ ಮಾಡಿ ನೋಡುತ್ತಾರೆ.

ಇನ್ನು ಮಗುವಿನ ಚಲನೆ. ಇದನ್ನು ನೋಡುವುದು ಪೂರ್ತಿ ನಿಮ್ಮ ಕೈಯಲ್ಲಿದೆ. 16ರಿಂದ 24 ವಾರದ ನಡುವೆ ಮೊದಲ ಸಲ ಗೊತ್ತಾಗುತ್ತದೆ, ಚೊಚ್ಚಲ ಬಸಿರಲ್ಲಿ 20 ದಾಟಬಹುದು. ಮಾಸು ಮುಂಭಾಗದಲ್ಲಿದ್ದರೆ ಇನ್ನೂ ತಡ. 28 ವಾರದ ಹೊತ್ತಿಗೆ ಮಗುವಿಗೆ ತನ್ನದೇ ಒಂದು ಕ್ರಮ ಬಂದಿರುತ್ತದೆ. ಎಲ್ಲರಿಗೂ ಇಷ್ಟೇ ಒದೆತ ಅಂತ ಲೆಕ್ಕವಿಲ್ಲ, ನಿಮ್ಮ ಮಗುವಿನ ರೂಢಿ ಯಾವುದು ಅಂತ ನಿಮಗೆ ಗೊತ್ತಿರಬೇಕು.

ಆ ರೂಢಿ ಕಡಿಮೆಯಾದರೆ, ನಿಂತರೆ, ಅದೇ ದಿನ ಹೋಗಿ. ರಾತ್ರಿಯಾದರೂ ಸರಿ, ಬೆಳಗಾಗಲಿ ಅಂತ ಕಾಯಬೇಡಿ. "ತಿಂಗಳು ತುಂಬಿದ ಮೇಲೆ ಜಾಗ ಸಾಲದೆ ಮಗು ಒದೆಯುವುದು ಕಡಿಮೆ ಮಾಡುತ್ತೆ" ಎಂಬ ಮಾತು ತಪ್ಪು. ಒದೆತದ ಬಗೆ ಬದಲಾಗಬಹುದು, ಹೊರಳಾಟ ಜಾಸ್ತಿ ಆಗಬಹುದು, ಆದರೆ ಚಲನೆ ಹೆರಿಗೆಯವರೆಗೂ ಇರಬೇಕು. ಮನೆಯಲ್ಲಿ ಡಾಪ್ಲರ್ ಇಟ್ಟುಕೊಂಡು ಎದೆಬಡಿತ ಕೇಳಿ ಸಮಾಧಾನ ಮಾಡಿಕೊಳ್ಳುವುದೂ ಬೇಡ. ಕೇಳಿಸುವುದು ನಿಮ್ಮದೇ ನಾಡಿ ಇರಬಹುದು. ಮಗು ಕಷ್ಟದಲ್ಲಿದ್ದಾಗಲೂ ಎದೆಬಡಿತ ಇರುತ್ತದೆ. ಎರಡನೇ ಸಲ ಕಡಿಮೆಯಾದರೂ ಹೋಗಿ. "ಮತ್ತೆ ಬಂದ್ರಾ" ಅಂತ ಯಾರಾದರೂ ಅಂದರೆ ಅನ್ನಲಿ.

ಗುಳ್ಳೆ ಇಲ್ಲದೆ ಅಂಗೈ, ಅಂಗಾಲು ತುರಿಸುತ್ತಿದೆಯಾ, ರಾತ್ರಿ ಜಾಸ್ತಿಯಾ? ಚರ್ಮಕ್ಕೆ ಎಣ್ಣೆ ಹಚ್ಚಿ ಸುಮ್ಮನಾಗಬೇಡಿ. ಲಿವರಿನಲ್ಲಿ ಪಿತ್ತ ಸರಿಯಾಗಿ ಹರಿಯದೆ ಹೀಗಾಗಬಹುದು, ರಕ್ತದಲ್ಲಿ ಬೈಲ್ ಆಸಿಡ್ ನೋಡಬೇಕು.

ಮಲಗುವಾಗ 28 ವಾರದ ನಂತರ ಮಗ್ಗುಲಾಗಿ ಮಲಗಿ, ಎಡ ಬಲ ಯಾವುದಾದರೂ ಆದೀತು. ನಿದ್ದೆಯಲ್ಲಿ ಅಂಗಾತ ಆಗಿದ್ದರೆ ಎಚ್ಚರವಾದಾಗ ತಿರುಗಿಕೊಳ್ಳಿ, ಸಾಕು.

ಮನಸ್ಸಿನ ಬಗ್ಗೆಯೂ ಹೇಳಬೇಕು. ಜಗತ್ತಿನಲ್ಲಿ ಹತ್ತು ಗರ್ಭಿಣಿಯರಲ್ಲಿ ಸುಮಾರು ಒಬ್ಬರಿಗೆ ಮಾನಸಿಕ ತೊಂದರೆ ಕಾಡುತ್ತದೆ, ಖಿನ್ನತೆಯೇ ಹೆಚ್ಚು. ಎರಡು ವಾರ ಬಿಡದೆ ಬೇಸರ, ಯಾವುದರಲ್ಲೂ ಮನಸ್ಸಿಲ್ಲ, ಅಳು, ಬದುಕು ಸಾಕು ಎಂಬ ಯೋಚನೆ ಇದ್ದರೆ ಬಿಪಿಯಷ್ಟೇ ಸಹಜವಾಗಿ ವೈದ್ಯರಿಗೆ ಹೇಳಿ. ಇದಕ್ಕೆ ಚಿಕಿತ್ಸೆ ಇದೆ. ಮನೆಯಲ್ಲಿ ಹೊಡೆತ, ಬೆದರಿಕೆ ಇದ್ದರೂ ಹಾಗೇ.

ಈ ಕೆಳಗಿನ ಯಾವುದೇ ಒಂದು ಆದರೂ ಮುಂದಿನ ಭೇಟಿಯವರೆಗೆ ಕಾಯದೆ ತಕ್ಷಣ ಹೋಗಿ:
- ಯಾವ ವಾರದಲ್ಲೇ ಆಗಲಿ ರಕ್ತ ಹೋಗುವುದು
- ನೀರು ಹೋಗುವುದು, ಸೋರುವುದು
- ಬಿಡದ ತಲೆನೋವು, ಕಣ್ಣು ಮಂಜಾಗುವುದು, ಎದೆಗೂಡಿನ ಕೆಳಗೆ ನೋವು, ಮುಖ ಮತ್ತು ಕೈ ಇದ್ದಕ್ಕಿದ್ದಂತೆ ಊದುವುದು
- 37 ವಾರದ ಮೊದಲೇ ಬಿಟ್ಟು ಬಿಟ್ಟು ಬರುವ ಹೊಟ್ಟೆ ಬಿಗಿತ
- ಜ್ವರ, ನಿಲ್ಲದ ವಾಂತಿ
- ಒಂದೇ ಕಾಲು ಊದಿ ನೋಯುವುದು, ಉಸಿರಾಟದ ತೊಂದರೆ
- ಮಗುವಿನ ಚಲನೆ ಕಡಿಮೆಯಾಗುವುದು

7. 36ರಿಂದ 41 ವಾರ

36ನೇ ವಾರದಲ್ಲಿ ಮಗುವಿನ ತಲೆ ಕೆಳಗಿದೆಯಾ ನೋಡುತ್ತಾರೆ. ತಿಂಗಳು ತುಂಬಿದಾಗ ನೂರಕ್ಕೆ ಮೂರು ನಾಲ್ಕು ಮಕ್ಕಳು ಕುಂಡಿ ಕೆಳಗಾಗಿ ಇರುತ್ತವೆ. ಹೊಟ್ಟೆಯ ಮೇಲಿಂದ ಕೈಯಲ್ಲಿ ಒತ್ತಿ ಮಗುವನ್ನು ತಿರುಗಿಸುವ ವಿಧಾನ ಇದೆ. ಆಸ್ಪತ್ರೆಯಲ್ಲೇ, ತರಬೇತಿ ಪಡೆದವರೇ ಮಾಡಬೇಕು. ಮನೆಯಲ್ಲಿ ಯಾರಿಂದಲೂ ಹೊಟ್ಟೆ ತಿಕ್ಕಿಸಿಕೊಳ್ಳಬೇಡಿ. ಕೆಲವು ದೇಶಗಳಲ್ಲಿ ಈ ಹೊತ್ತಿಗೆ ಜಿಬಿಎಸ್ ಎಂಬ ಬ್ಯಾಕ್ಟೀರಿಯಾ ಇದೆಯಾ ಅಂತ ಹತ್ತಿಯ ಕಡ್ಡಿಯಿಂದ ಮಾದರಿ ತೆಗೆಯುತ್ತಾರೆ. ಇದ್ದರೆ ಹೆರಿಗೆಯ ಹೊತ್ತಿಗೆ ಆ್ಯಂಟಿಬಯೋಟಿಕ್ ಕೊಡುತ್ತಾರೆ.

ಬೇರೆ ಕಾರಣವಿಲ್ಲದೆ ಸಿಸೇರಿಯನ್ ಮುಂಚಿತವಾಗಿ ಗೊತ್ತು ಮಾಡುವುದಾದರೆ 39 ವಾರ ತುಂಬಲಿ. ಅದಕ್ಕೂ ಮೊದಲು ತೆಗೆದ ಮಕ್ಕಳಿಗೆ ಉಸಿರಾಟದ ತೊಂದರೆ ಹೆಚ್ಚು. ಒಳ್ಳೆಯ ದಿನ ನೋಡಿ ತಾರೀಖು ಹಿಂದಕ್ಕೆ ತರಬೇಡಿ. ಇನ್ನೊಂದು ಕಡೆ, 41 ವಾರ ದಾಟಿದರೆ ಮಾಸು ಸೋಲುವ ಅಪಾಯ ಏರುತ್ತದೆ. ಆಗ ನೋವು ಬರಿಸುವ ಬಗ್ಗೆ ವೈದ್ಯರು ಮಾತಾಡುತ್ತಾರೆ. "ತಾನಾಗಿ ಬರಲಿ" ಅಂತ ಮನೆಯಲ್ಲೇ ಉಳಿಯಬೇಡಿ.

8. ಹೆರಿಗೆಯ ನಂತರ

ಇಲ್ಲಿಗೆ ಬಂದಾಗ ಎಲ್ಲರ ಕಣ್ಣೂ ಮಗುವಿನ ಮೇಲೆ, ತಾಯಿಯ ಫೈಲ್ ಮೂಲೆ ಸೇರುತ್ತದೆ. ಮೊದಲ 24 ಗಂಟೆ, ಆಮೇಲೆ ಎರಡು ಮೂರನೇ ದಿನ, ಎರಡನೇ ವಾರ, ಆರನೇ ವಾರ ಇಷ್ಟು ಸಲವಾದರೂ ತಾಯಿಯನ್ನೂ ನೋಡಬೇಕು. ಬಿಪಿ ಏರುವ ತೊಂದರೆ ಹೆರಿಗೆಯಾದ ಆರು ವಾರದೊಳಗೂ ಬರಬಹುದು, ಬಸಿರಲ್ಲಿ ಬಿಪಿ ಸರಿ ಇದ್ದವರಿಗೂ. ತಲೆನೋವು ಬಿಡದಿದ್ದರೆ "ನಿದ್ದೆಗೆಟ್ಟು ಹೀಗೆ" ಅಂದುಕೊಳ್ಳದೆ ಬಿಪಿ ನೋಡಿಸಿ.

ಬಸಿರಲ್ಲಿ ಶುಗರ್ ಇದ್ದವರು ಹೆರಿಗೆಯಾದ 6ರಿಂದ 12 ವಾರದೊಳಗೆ ಅದೇ 75 ಗ್ರಾಂ ಗ್ಲೂಕೋಸ್ ಟೆಸ್ಟನ್ನು ಮತ್ತೆ ಮಾಡಿಸಬೇಕು. ಅಲ್ಲಿ ಸರಿ ಬಂದರೂ ಮುಂದೆ ಶುಗರ್ ಕಾಯಿಲೆ ಬರುವ ಸಾಧ್ಯತೆ ಉಳಿದವರಿಗಿಂತ ಜಾಸ್ತಿ. ಆದ್ದರಿಂದ ಒಂದರಿಂದ ಮೂರು ವರ್ಷಕ್ಕೊಮ್ಮೆ ನೋಡಿಸುತ್ತಿರಬೇಕು. ಮಗುವಿನ ಆರನೇ ವಾರದ ಲಸಿಕೆಗೆ ಹೋಗುವ ದಿನವೇ ಈ ಟೆಸ್ಟಿಗೂ ದಿನ ಗೊತ್ತು ಮಾಡಿಸಿಕೊಂಡು ಬನ್ನಿ.